ಯಾಮಾರಿಸಲು ಬಂಡವಾಳ ಬೇಕು

ಕಂಠೀರವ ಕ್ರೀಡಾಂಗಣದಲ್ಲಿ 2023ರ ಮಾರ್ಚ್ 3ರ ರಾತ್ರಿ ಸುನಿಲ್ ಚೆಟ್ರಿ ಹೊಡೆದ ಫ್ರೀ ಕಿಕ್ ಬಗ್ಗೆ ಇವತ್ತಿಗೂ ಜಗಳ ಮುಗಿದಿಲ್ಲ. ಐಎಸ್‌ಎಲ್ ಪ್ಲೇ ಆಫ್, ಎದುರಾಳಿ ಕೇರಳ ಬ್ಲಾಸ್ಟರ್ಸ್, ತೊಂಬತ್ತು ನಿಮಿಷ ಕಳೆದರೂ ಗೋಲಿಲ್ಲ. ಹೆಚ್ಚುವರಿ ಸಮಯದ ಮೊದಲ ಭಾಗದಲ್ಲಿ ಬೆಂಗಳೂರು ಎಫ್‌ಸಿಗೆ ಫ್ರೀ ಕಿಕ್ ಸಿಕ್ಕಿತು. ಕೇರಳದ ಗೋಲ್‌ಕೀಪರ್ ಗೋಡೆ ನಿಲ್ಲಿಸುವ ಗಡಿಬಿಡಿಯಲ್ಲಿದ್ದ. ಚೆಟ್ರಿ ಕಾಯಲಿಲ್ಲ, ಚೆಂಡನ್ನು ಮೆಲ್ಲಗೆ ಎತ್ತಿ ಖಾಲಿ ಬಲೆಗೆ ಹಾಕಿಬಿಟ್ಟರು. ರೆಫರಿ ಗೋಲು ಕೊಟ್ಟರು. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮನೊವಿಚ್ ತಮ್ಮ ಹುಡುಗರನ್ನೆಲ್ಲ ಮೈದಾನದಿಂದ ಹೊರಗೆ ಕರೆದರು. ಪಂದ್ಯ ಬೆಂಗಳೂರಿನ ಪಾಲಾಯಿತು; ಕೇರಳ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ ಹತ್ತು ಪಂದ್ಯಗಳ ನಿಷೇಧ.

ನಿಯಮದ ಪ್ರಕಾರ ಫ್ರೀ ಕಿಕ್ ಪಡೆದವರು ಬೇಗ ಹೊಡೆಯಬಹುದು. ರೆಫರಿ ‘ಸೀಟಿ ಊದುವ ತನಕ ಇರಿ’ ಎಂದು ಹೇಳಿದ್ದರೆ ಮಾತ್ರ ಕಾಯಬೇಕು. ಹೇಳಿದ್ದರೋ ಇಲ್ಲವೋ ಎನ್ನುವುದೇ ಆವತ್ತಿನ ತಕರಾರು. ನನಗೆ ಆಸಕ್ತಿಯಿರುವುದು ಇನ್ನೊಂದು ಪ್ರಶ್ನೆಯಲ್ಲಿ. ಈ ಆಟ ಯಾರದ್ದು? ಬೆಂಗಳೂರಿನ ಕೋಚ್ ಸೈಮನ್ ಗ್ರೇಸನ್ ಗೆರೆಯಾಚೆ ನಿಂತಿದ್ದರು. ಗೋಲ್‌ಕೀಪರ್ ಜಾಗ ಬಿಟ್ಟಿದ್ದಾನೆ ಎಂದು ಕಂಡದ್ದು ಚೆಂಡಿನ ಹತ್ತಿರ ನಿಂತವನಿಗೆ. ಎದುರಾಳಿಯನ್ನು ಯಾಮಾರಿಸುವ ಕಲೆಯಲ್ಲಿ ಕೋಚ್‌ನ ಪಾಲೆಷ್ಟು, ಆಟಗಾರನ ಪಾಲೆಷ್ಟು? ಕ್ರೀಡಾಲೋಕ ನೂರು ವರ್ಷಗಳಿಂದ ಇದನ್ನು ಬೇರೆ ಬೇರೆ ರೀತಿಯಲ್ಲಿ ಕೇಳಿಕೊಂಡಿದೆ. ಇದಕ್ಕೆ ಸಿಕ್ಕಿರುವ ಒಳ್ಳೆಯ ಉತ್ತರಗಳಲ್ಲಿ ಕೆಲವು ಬಸವನಗುಡಿ, ಮಲ್ಲೇಶ್ವರದ ಆಸುಪಾಸಿನಲ್ಲೇ ಹುಟ್ಟಿದವು ಎಂಬುದು ಈ ಲೇಖನದ ನೆಪ.

ಬೆಂಗಳೂರಿನ ಫುಟ್‌ಬಾಲ್ ಇತಿಹಾಸ ಮುಖ್ಯವಾಗಿ ದಂಡಿನದು, ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರದ್ದು. 1937 ಮತ್ತು 1938ರಲ್ಲಿ ರೋವರ್ಸ್ ಕಪ್ ಗೆದ್ದ ಬೆಂಗಳೂರು ಮುಸ್ಲಿಮ್ಸ್ ತಂಡ, 1946-47ರಿಂದ 1968-69ರ ನಡುವೆ ನಾಲ್ಕು ಸಲ ಸಂತೋಷ್ ಟ್ರೋಫಿ ತಂದ ಮೈಸೂರು ತಂಡ ಎಲ್ಲ ನಮ್ಮವೇ. ಆಮೇಲೆ 54 ವರ್ಷ ಬರಗಾಲ. ಅದು ನೀಗಿದ್ದು ಚೆಟ್ರಿಯ ಆ ಗೋಲಿನ ಮರುದಿನ. ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿತು. ಆದರೆ ಪೇಟೆಯ ಪಶ್ಚಿಮಕ್ಕೂ ದಕ್ಷಿಣಕ್ಕೂ ಬೆಳೆದ ಬಡಾವಣೆಗಳಲ್ಲಿ ಜನ ಆಡಿದ್ದು ಕ್ರಿಕೆಟ್, ಶಟಲ್, ಕೊಕ್ಕೋ, ಕಬಡ್ಡಿ. ಹಾಗಾಗಿ ಫುಟ್‌ಬಾಲ್ ಕೋಚ್‌ಗಳ ತಂತ್ರವನ್ನು ಅರ್ಥ ಮಾಡಿಕೊಳ್ಳಲು ನಮ್ಮವರು ಈ ಆಟಗಳ ಮೂಲಕವೇ ಹೋಗಬೇಕು. ಹೋದರೆ ನಷ್ಟವೇನಿಲ್ಲ.

ಕೋಚ್‌ನ ಮಾತು ಅತಿ ಹೆಚ್ಚು ನಡೆಯುವ ಆಟ ಅಮೆರಿಕದ ಫುಟ್‌ಬಾಲ್. ನಮ್ಮ ಕಣ್ಣಿಗೆ ಅದು ಕುಸ್ತಿಗೂ ರಗ್ಬಿಗೂ ಹುಟ್ಟಿದ ಮಗುವಿನಂತೆ ಕಾಣುತ್ತದೆ, ಆದರೆ ಒಳಗಿರುವುದು ಪೂರ್ತಿ ಲೆಕ್ಕಾಚಾರ. ಪ್ರತಿ ಆಟವೂ ನಿಂತು ಶುರುವಾಗುತ್ತದೆ. ಎರಡು ಆಟಗಳ ನಡುವೆ ಕೆಲವು ಸೆಕೆಂಡು ಬಿಡುವು. ಆ ಬಿಡುವಿನಲ್ಲಿ ಕೋಚ್ ಮುಂದಿನ ಆಟ ಯಾವುದೆಂದು ಕರೆ ಕೊಡುತ್ತಾನೆ. 1994ರಿಂದ ಅಲ್ಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ, ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನ ಶಿರಸ್ತ್ರಾಣದೊಳಗೇ ರೇಡಿಯೊ ಇದೆ. ಆಟ ಶುರುಮಾಡುವ ಗಡುವಿಗೆ 15 ಸೆಕೆಂಡು ಉಳಿದಾಗ ಅದು ತಾನಾಗಿಯೇ ಬಂದ್ ಆಗುತ್ತದೆ, ಅಲ್ಲಿಂದಾಚೆ ಆಟಗಾರ ಒಬ್ಬಂಟಿ. ಸ್ಯಾನ್‌ಫ್ರಾನ್ಸಿಸ್ಕೊ ತಂಡದ ಕೋಚ್ ಬಿಲ್ ವಾಲ್ಷ್ ಪಂದ್ಯದ ಮೊದಲ ಹದಿನೈದೋ ಇಪ್ಪತ್ತೋ ಆಟಗಳನ್ನು ಹಿಂದಿನ ದಿನವೇ ಬರೆದಿಡುತ್ತಿದ್ದರು. ಅಂಕ ಗಳಿಸುವುದರ ಜೊತೆಗೆ ಎದುರಾಳಿ ಯಾವುದಕ್ಕೆ ಹೇಗೆ ಮೈ ತಿರುಗಿಸುತ್ತಾನೆ ಎಂದು ನೋಡಿಕೊಳ್ಳುವುದೂ ಅವರಿಗೆ ಬೇಕಿತ್ತು. ಆಮೇಲಿನ ಎರಡು ಗಂಟೆಯ ಮೋಸಕ್ಕೆ ಈ ಮೊದಲ ಅರ್ಧ ಗಂಟೆಯ ಸತ್ಯವೇ ಆಧಾರ.

ಆ ಆಟದ ಹಳೆಯ ಪಾಠ ಹೀಗಿದೆ: ಮೊದಲು ಚೆಂಡನ್ನು ಹಿಡಿದು ಓಡು, ಮತ್ತೆ ಓಡು, ಎದುರಾಳಿ ಓಟವನ್ನು ತಡೆಯಲು ಮುನ್ನುಗ್ಗುವ ಹಾಗೆ ಮಾಡು, ಆಮೇಲೆ ಓಡುವಂತೆ ನಟಿಸಿ ಅವನ ತಲೆ ಮೇಲಿಂದ ಎಸೆ. ಅಂದರೆ ಯಾಮಾರಿಸಲು ಬಂಡವಾಳ ಬೇಕು. ನಾಲ್ಕು ಸಲ ಪ್ರಾಮಾಣಿಕವಾಗಿ ಆಡಿ, ಸ್ವಲ್ಪ ಕಳೆದುಕೊಂಡು, ಎದುರಾಳಿಯ ನಂಬಿಕೆಯನ್ನು ಕೂಡಿಟ್ಟರೆ ಐದನೆಯ ಸಲ ಅದನ್ನು ಖರ್ಚು ಮಾಡಬಹುದು. ಕೇಳಲು ಸರಿಯಾಗಿಯೇ ಇದೆ. ಆದರೆ ಈಚಿನ ವರ್ಷಗಳಲ್ಲಿ ಅಂಕಿ ಅಂಶ ಹಿಡಿದು ಕೂತವರು ಇದಕ್ಕೆ ತಣ್ಣೀರೆರಚಿದ್ದಾರೆ. ಓಟದ ನಟನೆ ಎಷ್ಟು ಫಲಿಸುತ್ತದೆ ಎನ್ನುವುದಕ್ಕೂ ಆ ಪಂದ್ಯದಲ್ಲಿ ಅದುವರೆಗೆ ಎಷ್ಟು ಸಲ ಓಡಿದ್ದರು ಎನ್ನುವುದಕ್ಕೂ ಹೇಳಿಕೊಳ್ಳುವಂಥ ಸಂಬಂಧ ಕಾಣುತ್ತಿಲ್ಲ! ಓಡದೇ ಇದ್ದ ತಂಡವೂ ನಟಿಸಿ ಗೆಲ್ಲುತ್ತದೆ.

ಹಾಗಾದರೆ ಬಂಡವಾಳದ ಮಾತು ಸುಳ್ಳೇ? ನನ್ನ ಅಭಿಪ್ರಾಯದಲ್ಲಿ ಸುಳ್ಳಲ್ಲ, ಅದು ಎಲ್ಲಿಂದ ಬಂತು ಎನ್ನುವುದರಲ್ಲಿ ಲೆಕ್ಕ ತಪ್ಪಿದೆ. ಓಟ ಕಂಡರೆ ಮುನ್ನುಗ್ಗಬೇಕು ಎಂದು ಆ ರಕ್ಷಕನಿಗೆ ಹತ್ತನೆಯ ವಯಸ್ಸಿನಿಂದ ಕಲಿಸಿರುತ್ತಾರೆ. ಅವನ ಕಾಲಿನ ಅಭ್ಯಾಸವನ್ನು ಯಾರೋ ಎಂದೋ ಕಟ್ಟಿಟ್ಟಿದ್ದಾರೆ. ಇವತ್ತಿನ ಕೋಚ್ ಅದನ್ನು ಎರವಲು ತಂದು ಬಳಸುತ್ತಾನೆ ಅಷ್ಟೆ. ಸ್ವಂತ ಬಂಡವಾಳದ ಮೋಸ, ಎರವಲು ಬಂಡವಾಳದ ಮೋಸ ಎಂಬ ಈ ಎರಡು ಬಗೆಗಳನ್ನು ಬೇರೆ ಮಾಡಿ ನೋಡಲು ಬೆಂಗಳೂರಿನ ಸ್ಪಿನ್ನರ್‌ಗಳಿಗಿಂತ ಒಳ್ಳೆಯ ಉದಾಹರಣೆ ನನಗಂತೂ ಗೊತ್ತಿಲ್ಲ.

ಮೊದಲು ಇ.ಎ.ಎಸ್. ಪ್ರಸನ್ನ. ಬೆಂಗಳೂರಿನಲ್ಲಿ ಹುಟ್ಟಿ, 1962ರಲ್ಲಿ ಟೆಸ್ಟ್ ಆಡಿ, ಮೈಸೂರಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಎಂಜಿನಿಯರಿಂಗ್‌ನಲ್ಲಿ ಓದು ಮುಗಿಸಲು ಐದು ವರ್ಷ ಟೆಸ್ಟ್ ತಂಡದಿಂದಲೇ ದೂರ ಉಳಿದವರು. ಹಿಂತಿರುಗಿ ಬಂದು 1967-68ರಲ್ಲಿ ಆಸ್ಟ್ರೇಲಿಯಾದಲ್ಲಿ 25, ನ್ಯೂಜಿಲೆಂಡಿನಲ್ಲಿ 24 ವಿಕೆಟ್ ತೆಗೆದರು. ಅವರ ಒಂದು ಓವರನ್ನು ಹತ್ತಿರದಿಂದ ನೋಡೋಣ. ಮೊದಲ ಚೆಂಡು ಬ್ಯಾಟ್ಸ್‌ಮನ್‌ನ ಕಣ್ಣಿಗಿಂತ ಮೇಲೇರಿ ಇಳಿಯುತ್ತದೆ. ಆತ ಮುಂದೆ ಹೆಜ್ಜೆಯಿಟ್ಟು ಮಿಡ್ ಆನ್ ಕಡೆ ತಳ್ಳುತ್ತಾನೆ. ಮತ್ತೆ ಅದೇ ಬಗೆಯ ಚೆಂಡು, ಈ ಸಲ ನಾಲ್ಕು ರನ್. ಕವರ್ ಭಾಗದಲ್ಲಿ ಯಾರೂ ಇಲ್ಲ, ಬೇಕೆಂದೇ ಬಿಟ್ಟಿದ್ದಾರೆ. ಚೆಂಡು ಒಳಕ್ಕೆ ತಿರುಗುವಾಗ ಹೊರಕ್ಕೆ ಡ್ರೈವ್ ಮಾಡಲು ಹೋದವನ ಬ್ಯಾಟಿಗೂ ಪ್ಯಾಡಿಗೂ ನಡುವೆ ಬಾಗಿಲು ತೆರೆಯುತ್ತದೆ. ಮೂರನೆಯ ಚೆಂಡು ಕೈಬಿಟ್ಟಾಗ ಮೊದಲಿನದರಂತೆಯೇ ಕಾಣುತ್ತದೆ. ಅದೇ ಓಟ, ಅದೇ ತೋಳು. ಹೆಜ್ಜೆ ಹೊರಟ ಮೇಲೆ ಗೊತ್ತಾಗುತ್ತದೆ, ಇದು ಒಂದು ಗೇಣು ಹಿಂದೆಯೇ ಬೀಳುತ್ತಿದೆ ಎಂದು. ಆಗ ಕಾಲನ್ನು ವಾಪಸ್ ಕರೆಯಲು ಸಮಯವಿಲ್ಲ.

ಇಲ್ಲಿ ಗಮನಿಸಬೇಕಾದದ್ದು ಆ ನಾಲ್ಕು ರನ್. ಅದು ಖರ್ಚು. ನಾಯಕ ಆ ಖರ್ಚಿಗೆ ಒಪ್ಪದಿದ್ದರೆ ಪ್ರಸನ್ನ ಎಂಬ ಬೌಲರ್ ಇರುತ್ತಿರಲಿಲ್ಲ. ಪಟೌಡಿ ಒಪ್ಪಿದರು. 49 ಟೆಸ್ಟ್‌ಗಳಲ್ಲಿ 189 ವಿಕೆಟ್ ಬಂದದ್ದರಲ್ಲಿ ಆ ಒಪ್ಪಿಗೆಯ ಪಾಲೂ ಇದೆ. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಅದೇ ಋತುವಿನಲ್ಲಿ ಸ್ವತಃ ಪ್ರಸನ್ನ ನಾಯಕ. ಹದಿನೈದು ವರ್ಷ ಸತತವಾಗಿ ರಣಜಿ ಗೆದ್ದಿದ್ದ ಮುಂಬೈ ಸೆಮಿಫೈನಲ್‌ಗೆ ಬೆಂಗಳೂರಿಗೆ ಬಂತು. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106, ಕರ್ನಾಟಕ 385. ಉತ್ತರವಾಗಿ ಮುಂಬೈ ಆಡುತ್ತಿದ್ದಾಗ ಗಾವಸ್ಕರ್ ಪ್ರಸನ್ನ ಅವರ ಚೆಂಡಿಗೆ ಬೌಲ್ಡ್ ಆದರು. ನಾಯಕ ವಾಡೇಕರ್ ಓಡುವಾಗ ಜಾರಿ ರನೌಟ್ ಆದರು. 307ಕ್ಕೆ ಆಲೌಟ್. ವಾಡೇಕರ್ ಜಾರಿದ್ದನ್ನು ಯಾವ ಕೋಚ್ ಬರೆದಿಡಬಲ್ಲ? ಪಂದ್ಯಗಳ ವಿಶ್ಲೇಷಣೆ ಬರೆಯುವವರು ಅದೃಷ್ಟದ ಪಾಲನ್ನು ಯಾವಾಗಲೂ ಕಡಿಮೆ ಮಾಡಿ ಹೇಳುತ್ತಾರೆ.

ಅನಿಲ್ ಕುಂಬ್ಳೆ ಇನ್ನೊಂದು ಬಗೆ. ಬಸವನಗುಡಿಯ ನ್ಯಾಷನಲ್ ಹೈಸ್ಕೂಲ್, ಆಮೇಲೆ ಆರ್.ವಿ. ಎಂಜಿನಿಯರಿಂಗ್ ಕಾಲೇಜು. ‘ಇವನ ಚೆಂಡು ತಿರುಗೋದೇ ಇಲ್ಲವಲ್ಲ’ ಎಂದು ಗಾಂಧಿಬಜಾರಿನ ಹೋಟೆಲುಗಳಲ್ಲಿ ಕಾಫಿ ಕುಡಿಯುತ್ತ ಹೇಳಿದ ಹಿರಿಯರು ಕಡಿಮೆಯೇನಲ್ಲ. ತಿರುಗದೇ ಇದ್ದದ್ದೇ ಅವರ ಗುಟ್ಟು. ಲೆಗ್ ಸ್ಪಿನ್ನರ್ ಎಂದರೆ ಚೆಂಡು ಹೊರಕ್ಕೆ ತಿರುಗುತ್ತದೆ ಎಂದು ಲೋಕದ ಬ್ಯಾಟ್ಸ್‌ಮನ್‌ಗಳೆಲ್ಲ ಹುಡುಗರಾಗಿದ್ದಾಗಿನಿಂದ ಕಲಿತಿದ್ದಾರೆ. ಆ ನಂಬಿಕೆಯನ್ನು ಕಟ್ಟಿದವರು ಹಿಂದಿನ ನೂರಾರು ಲೆಗ್ ಸ್ಪಿನ್ನರ್‌ಗಳು. ಕುಂಬ್ಳೆ ಅದನ್ನು ಬಳಸಿಕೊಂಡರು. ಬ್ಯಾಟು ತಿರುವಿಗೆಂದು ಹೊರಗೆ ಹೋಗುತ್ತದೆ, ಚೆಂಡು ನೆಟ್ಟಗೆ, ವೇಗವಾಗಿ, ಸ್ವಲ್ಪ ಪುಟಿದು ಪ್ಯಾಡಿಗೆ ಬಡಿಯುತ್ತದೆ. ಆಗಾಗ ಒಂದು ಚೆಂಡು ನಿಜವಾಗಿಯೂ ತಿರುಗಬೇಕು, ಇಲ್ಲದಿದ್ದರೆ ಎರವಲು ತೀರಿಹೋಗುತ್ತದೆ. ಅಷ್ಟನ್ನು ಅವರು ನಿಯತ್ತಾಗಿ ತೀರಿಸುತ್ತಿದ್ದರು. 132 ಟೆಸ್ಟ್, 619 ವಿಕೆಟ್.

1999ರ ಫೆಬ್ರುವರಿ 7ರಂದು ದೆಹಲಿಯ ಕೋಟ್ಲಾದಲ್ಲಿ ಅವರು ಪಾಕಿಸ್ತಾನದ ಹತ್ತೂ ವಿಕೆಟ್ ತೆಗೆದದ್ದನ್ನು ಎಲ್ಲರೂ ಬಲ್ಲರು. 420ರ ಗುರಿ ಬೆನ್ನತ್ತಿದ್ದ ಪಾಕಿಸ್ತಾನ ವಿಕೆಟ್ ಇಲ್ಲದೆ 101 ಮಾಡಿತ್ತು, ಊಟದ ಮುಂಚಿನ ಕುಂಬ್ಳೆಗೆ ಏನೂ ದಕ್ಕಿರಲಿಲ್ಲ ಎಂಬುದು ಅಷ್ಟು ನೆನಪಿರುವುದಿಲ್ಲ. ಊಟದ ನಂತರ ಅವರು ಬೌಲಿಂಗ್ ತುದಿ ಬದಲಿಸಿದರು. ಅದೇ ಬೌಲರ್, ಅದೇ ಚೆಂಡುಗಳು, ತುದಿ ಮಾತ್ರ ಬೇರೆ. ಹೊಸ ತಂತ್ರ ಹುಡುಕುವ ಬದಲು ಇದ್ದದ್ದನ್ನು ಸರಿಯಾದ ಜಾಗದಿಂದ ಪ್ರಯೋಗಿಸುವುದೂ ಒಂದು ಬಗೆಯ ಯೋಜನೆ.

ಇವರಿಬ್ಬರ ಲೆಕ್ಕಕ್ಕೂ ಸಿಗದವರು ಬಿ.ಎಸ್. ಚಂದ್ರಶೇಖರ್. ಎಳೆವೆಯಲ್ಲಿ ಪೋಲಿಯೊ ಬಂದು ಬಲಗೈ ಸೊರಗಿತ್ತು. ಆ ಕೈಯಿಂದಲೇ 58 ಟೆಸ್ಟ್‌ಗಳಲ್ಲಿ 242 ವಿಕೆಟ್. ಮುಂದಿನ ಚೆಂಡು ಏನಾಗುತ್ತದೆ ಎಂದು ಚಂದ್ರ ಅವರಿಗೇ ಗೊತ್ತಿರುತ್ತಿರಲಿಲ್ಲ ಎಂಬ ಮಾತು ಕ್ರಿಕೆಟ್ ಲೋಕದಲ್ಲಿ ಓಡಾಡುತ್ತದೆ. ಅದನ್ನು ತಮಾಷೆ ಎಂದು ತಳ್ಳಿಹಾಕಬೇಡಿ. ಗಣಿತಜ್ಞರ ಆಟದ ಸಿದ್ಧಾಂತ ಹೇಳುವುದೂ ಅದನ್ನೇ. ಎದುರಾಳಿ ನಿಮ್ಮನ್ನು ಓದಬಾರದು ಎಂದಿದ್ದರೆ ನಿಮ್ಮ ಆಯ್ಕೆಯಲ್ಲಿ ಯಾವ ಕ್ರಮವೂ ಇರಬಾರದು. ಪಲಾಸಿಯೊಸ್ ಹುಯೆರ್ತಾ ಎಂಬ ಅರ್ಥಶಾಸ್ತ್ರಜ್ಞ ಫುಟ್‌ಬಾಲಿನ 1,417 ಪೆನಾಲ್ಟಿ ಕಿಕ್‌ಗಳನ್ನು ಕೂತು ಲೆಕ್ಕ ಹಾಕಿ 2003ರಲ್ಲಿ ಪ್ರಕಟಿಸಿದ ಅಧ್ಯಯನದ ಸಾರವೂ ಹೆಚ್ಚುಕಡಿಮೆ ಇದೇ. ವೃತ್ತಿಪರ ಆಟಗಾರರು ಎಡಬಲಗಳನ್ನು ಊಹಿಸಲಾಗದಂತೆ ಬೆರೆಸುತ್ತಾರೆ. ಅವರಿಗೆ ಅದು ತರಬೇತಿಯಿಂದ ಬಂತು. ಚಂದ್ರ ಅವರಿಗೆ ಮಣಿಕಟ್ಟಿನಿಂದ. 1977-78ರ ಮೆಲ್ಬರ್ನ್ ಟೆಸ್ಟ್‌ನ ಎರಡೂ ಇನಿಂಗ್ಸ್‌ಗಳಲ್ಲಿ ಅವರದು 52 ರನ್‌ಗೆ 6 ವಿಕೆಟ್! ಅವರ ಬೌಲಿಂಗ್‌ನಲ್ಲಿ ಕ್ರಮ ಎಂಬುದು ಕಂಡದ್ದು ಬಹುಶಃ ಇದೊಂದರಲ್ಲೇ.

ಆದರೂ ಕ್ರಿಕೆಟ್ ಚರಿತ್ರೆಯ ಅತ್ಯಂತ ಸೊಗಸಾದ ‘ಕರೆ’ಯನ್ನು ಪಾಲಿಸಿದವರು ಇದೇ ಚಂದ್ರ. 1971ರ ಆಗಸ್ಟ್, ಓವಲ್ ಟೆಸ್ಟ್, ಇಂಗ್ಲೆಂಡಿನ ಎರಡನೆಯ ಇನಿಂಗ್ಸ್. ಆ ವರ್ಷದ ಡರ್ಬಿ ಗೆದ್ದ ಕುದುರೆಯ ಹೆಸರು ಮಿಲ್ ರೀಫ್. ಕ್ರೀಸಿನಲ್ಲಿ ಜಾನ್ ಎಡ್ರಿಚ್. ಚಂದ್ರ ಗೂಗ್ಲಿ ಹಾಕಲು ಹೊರಟಿದ್ದಾಗ ದಿಲೀಪ್ ಸರ್ದೇಸಾಯಿ ಮೈದಾನದಿಂದಲೇ, ಮಿಲ್ ರೀಫ್ ಹಾಕು ಎಂದು ಕೂಗಿದರು. ಅಂದರೆ ವೇಗದ ಚೆಂಡು. ಎಡ್ರಿಚ್ ಬ್ಯಾಟ್ ಇಳಿಸುವ ಮೊದಲೇ ಸ್ಟಂಪ್ ಹಾರಿತು, ಸೊನ್ನೆಗೆ ಔಟ್. 38 ರನ್‌ಗೆ 6 ವಿಕೆಟ್, ಇಂಗ್ಲೆಂಡ್ 101ಕ್ಕೆ ಆಲೌಟ್, ಇಂಗ್ಲೆಂಡ್ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವು. ಕರೆ ಕೊಟ್ಟವರು ಕೋಚ್ ಅಲ್ಲ, ನಾಯಕನೂ ಅಲ್ಲ. ಬ್ಯಾಟ್ಸ್‌ಮನ್ ಯಾವ ಚೆಂಡಿಗೆ ಸಿದ್ಧನಾಗಿಲ್ಲ ಎಂದು ಹತ್ತಿರದಿಂದ ನೋಡುತ್ತಿದ್ದ ಒಬ್ಬ ಫೀಲ್ಡರ್.

ಸಂಕೇತದ ಭಾಷೆಯ ವಿಷಯಕ್ಕೆ ಬಂದರೆ ಕನ್ನಡಿಗರಿಗೆ ಒಂದು ಅನುಕೂಲ ಇದೆ. 2020ರ ಫೆಬ್ರುವರಿಯಲ್ಲಿ ನ್ಯೂಜಿಲೆಂಡಿನ ಮೌಂಟ್ ಮಾಂಗನೂಯಿಯಲ್ಲಿ ಕೆ.ಎಲ್. ರಾಹುಲ್ (112) ಮತ್ತು ಮನೀಷ್ ಪಾಂಡೆ (42) ಜೊತೆಯಾಟ ನಡೆಸುವಾಗ ಸ್ಟಂಪ್ ಮೈಕಿನಲ್ಲಿ ಕೇಳಿಬಂದದ್ದು ‘ಬಾ ಬಾ’, ‘ಬೇಡ ಬೇಡ’. ಫೀಲ್ಡರ್‌ಗಳಿಗೆ ಏನೂ ತಿಳಿಯಲಿಲ್ಲ, ಇಲ್ಲಿ ಟಿವಿ ಮುಂದೆ ಕೂತವರಿಗೆ ಎಲ್ಲ ತಿಳಿಯಿತು. ಐಪಿಎಲ್‌ನಲ್ಲಿ ಈ ಗುಟ್ಟು ನಡೆಯುವುದಿಲ್ಲ, ಎದುರು ತಂಡದಲ್ಲೂ ಕನ್ನಡ ಬಲ್ಲವರು ಇರುವುದೇ ಹೆಚ್ಚು.

ಕ್ರಿಕೆಟ್ ಬಹಳ ಕಾಲ ಕೋಚ್‌ನನ್ನು ಹೊರಗೇ ಇಟ್ಟ ಆಟ. 1999ರ ವಿಶ್ವಕಪ್‌ನಲ್ಲಿ ಭಾರತದ ವಿರುದ್ಧ ಹೋವ್‌ನಲ್ಲಿ ಆಡುವಾಗ ದಕ್ಷಿಣ ಆಫ್ರಿಕಾದ ನಾಯಕ ಹ್ಯಾನ್ಸಿ ಕ್ರೋನಿಯೆ ಕಿವಿಯಲ್ಲಿ ಪುಟ್ಟ ಯಂತ್ರ ಸಿಕ್ಕಿಸಿಕೊಂಡು ಕೋಚ್ ಬಾಬ್ ವೂಲ್ಮರ್ ಜೊತೆ ಮಾತಾಡುತ್ತಿದ್ದರು. ಪಂದ್ಯದ ರೆಫರಿ ತೆಗೆಸಿದರು. 2020ರ ಡಿಸೆಂಬರ್‌ನಲ್ಲಿ ಕೇಪ್‌ಟೌನ್‌ನಲ್ಲಿ ಇಂಗ್ಲೆಂಡಿನ ವಿಶ್ಲೇಷಕ ನೇಥನ್ ಲೀಮನ್ ಬಾಲ್ಕನಿಯಲ್ಲಿ ಮೈದಾನದಲ್ಲಿದ್ದ ನಾಯಕನಿಗಾಗಿ ‘4ಇ’, ‘2ಸಿ’ ಎಂಬ ಸಂಕೇತ ಫಲಕಗಳನ್ನು ನೇತುಹಾಕಿದಾಗ ಮಾತ್ರ ಯಾರೂ ತೆಗೆಸಲಿಲ್ಲ. ಇಪ್ಪತ್ತು ವರ್ಷಗಳಲ್ಲಿ ಎಷ್ಟು ದೂರ ಬಂದೆವು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇನ್ನು ಮಲ್ಲೇಶ್ವರ. ಅಲ್ಲಿನ ಕೆನರಾ ಯೂನಿಯನ್ ಸಭಾಂಗಣದಲ್ಲಿ ಮದುವೆ ಇಲ್ಲದ ದಿನ ಶಟಲ್ ಆಡಬಹುದಿತ್ತು. ಪ್ರಕಾಶ್ ಪಡುಕೋಣೆ ಕಲಿತದ್ದು ಆ ಅಂಕಣದಲ್ಲಿ. 1971ರಿಂದ ಒಂಬತ್ತು ವರ್ಷ ಸತತ ರಾಷ್ಟ್ರೀಯ ಚಾಂಪಿಯನ್ ಆದ ಅವರು 1980ರ ಮಾರ್ಚ್ 23ರಂದು ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ಇಂಡೊನೇಷ್ಯಾದ ಲಿಯೆಮ್ ಸ್ವೀ ಕಿಂಗ್ ಅವರನ್ನು 15-3, 15-10ರಿಂದ ಮಣಿಸಿದರು. ಕಿಂಗ್ ಹಿಂದಿನ ಎರಡು ವರ್ಷಗಳ ಚಾಂಪಿಯನ್; ಹಾರಿ ಹೊಡೆಯುವ ಸ್ಮ್ಯಾಶ್‌ಗೆ ಹೆಸರಾದವರು. ಕಿಂಗ್‌ಗೆ ಹಾರಲು ಬೇಕಾದ ಎತ್ತರದ ಶಟಲನ್ನೇ ಪ್ರಕಾಶ್ ಕೊಡಲಿಲ್ಲ. ನೆಟ್ ಹತ್ತಿರ ಇಳಿಸಿ, ವೇಗ ಏರಿಸಿ ತಗ್ಗಿಸಿ, ಆಟದ ಲಯ ತಪ್ಪಿಸಿದರು.

ಪ್ರಕಾಶ್ ಅವರ ಡ್ರಾಪ್ ನೋಡಿದವರಿಗೆ ಗೊತ್ತು: ತೋಳು ಹಿಂದಕ್ಕೆ ಹೋಗುವುದು, ಮೊಣಕೈ ಏರುವುದು, ಭುಜ ತಿರುಗುವುದು, ಎಲ್ಲ ಜೋರಾಗಿ ಹೊಡೆಯುವವನ ಹಾಗೆಯೇ. ಮುಂಚಿನ ಎರಡು ಮೂರು ಹೊಡೆತಗಳು ನಿಜವಾಗಿಯೂ ಹಿಂದಿನ ಗೆರೆಗೇ ಹೋಗಿರುತ್ತವೆ. ಎದುರಾಳಿಯ ತೂಕ ಹಿಮ್ಮಡಿಗೆ ಇಳಿದಿರುತ್ತದೆ. ಶಟಲ್ ರ‍್ಯಾಕೆಟ್ಟಿಗೆ ತಾಗುವ ಕ್ಷಣದಲ್ಲಿ ಬೆರಳುಗಳ ಹಿಡಿತ ಸಡಿಲ, ಶಟಲ್ ನೆಟ್ಟಿನ ಮಗ್ಗುಲಲ್ಲೇ ಬೀಳುತ್ತದೆ. ಈ ನಿರ್ಧಾರ ತಲೆಯಲ್ಲಿ ಹುಟ್ಟಿ ಬೆರಳಿಗೆ ಬರಲು ಸಿಗುವ ಸಮಯದಲ್ಲಿ ಯಾವ ಕೋಚ್‌ನ ಕೂಗೂ ಕಿವಿಗೆ ತಲುಪುವುದಿಲ್ಲ. ಮುಂದೆ ಅದೇ ಪ್ರಕಾಶ್ 1994ರಲ್ಲಿ ಅಕಾಡೆಮಿ ಕಟ್ಟಿದರು, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಲಕ್ಷ್ಯ ಸೇನ್ ಅವರ ಬೆನ್ನ ಹಿಂದೆ ಕೋಚ್ ಕುರ್ಚಿಯಲ್ಲಿ ಕೂತರು. ಕಂಚಿನ ಪಂದ್ಯದಲ್ಲಿ ಮೊದಲ ಗೇಮ್ ಗೆದ್ದ ಲಕ್ಷ್ಯ ಮಲೇಷ್ಯಾದ ಲೀ ಝೀ ಜಿಯಾಗೆ ಸೋತ ಮೇಲೆ ಪ್ರಕಾಶ್ ಆಡಿದ ಮಾತು ಕೆಲವರಿಗೆ ಕಹಿಯಾಯಿತು. ಆಟಗಾರರೂ ಹೊಣೆ ಹೊರಬೇಕು ಎಂಬುದು ಅದರ ಸಾರ. ಕುರ್ಚಿಯಲ್ಲಿ ಕೂತವನು ಎಷ್ಟು ಅಸಹಾಯಕ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ನಮ್ಮ ನೆಲದ ಆಟಗಳಲ್ಲಿ ಮೋಸಕ್ಕೆ ತೆರುವ ಬೆಲೆ ಇನ್ನೂ ಸ್ಪಷ್ಟ. ಕೊಕ್ಕೋದಲ್ಲಿ ಅಟ್ಟಿಸಿಕೊಂಡು ಹೋಗುವವನು ಕೂತವನ ಬೆನ್ನ ಹಿಂದೆ ಬಂದು ಬಗ್ಗುತ್ತಾನೆ, ಕೈ ಚಾಚುತ್ತಾನೆ, ಬಾಯಿ ತೆರೆಯುತ್ತಾನೆ. ‘ಕೊಕ್’ ಬಂತು ಎಂದುಕೊಂಡು ಓಟಗಾರ ದಿಕ್ಕು ಬದಲಿಸುತ್ತಾನೆ. ಕೊಕ್ ಬರುವುದೇ ಇಲ್ಲ. ಇವನೇ ಮುಂದೆ ನುಗ್ಗಿ ಮುಟ್ಟುತ್ತಾನೆ. ಆದರೆ ಒಮ್ಮೆ ದಾಟಿ ಮುಂದೆ ಹೋದವನು ಹಿಂದಕ್ಕೆ ತಿರುಗುವಂತಿಲ್ಲ. ನಟನೆ ಫಲಿಸದಿದ್ದರೆ ಆ ಕೊಕ್ ಶಾಶ್ವತವಾಗಿ ಹೋಯಿತು. ಪ್ರೊ ಕಬಡ್ಡಿಯಲ್ಲಿ ಎರಡು ರೇಡ್ ಬರಿಗೈಲಿ ಬಂದರೆ ಮೂರನೆಯದು ‘ಮಾಡು ಇಲ್ಲವೆ ಮಡಿ’; ಅಂಕ ತರದಿದ್ದರೆ ರೇಡರ್ ಔಟ್. ಮೊದಲ ಎರಡನ್ನು ಬೇಕೆಂದೇ ಖಾಲಿ ಬಿಟ್ಟು, ಎದುರಾಳಿಯ ಸಾಲು ಹೇಗೆ ಅಲುಗುತ್ತದೆ ಎಂದು ನೋಡಿಕೊಂಡು, ಮೂರನೆಯದಕ್ಕೆ ಪಳಗಿದವನನ್ನು ಕಳಿಸುವುದು ತಂಡಗಳ ರೂಢಿ. ಇಲ್ಲಿ ಕೋಚ್‌ನ ಕೈ ನಿಜವಾಗಿಯೂ ಕಾಣುತ್ತದೆ. ಕರ್ನಾಟಕದ ಬಿ.ಸಿ. ರಮೇಶ್ 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೆ, 2024ರಲ್ಲಿ ಪುಣೇರಿ ಪಲ್ಟನ್‌ಗೆ ಪಟ್ಟ ತಂದುಕೊಟ್ಟರು. ಬೇರೆ ಬೇರೆ ಹುಡುಗರನ್ನು ಇಟ್ಟುಕೊಂಡು ಎರಡು ತಂಡ ಗೆಲ್ಲಿಸಿದವರ ಬಗ್ಗೆ ಅದೃಷ್ಟದ ಮಾತು ಎತ್ತಲು ನನಗೆ ಧೈರ್ಯ ಇಲ್ಲ.

ಎಲ್ಲ ಮೋಸಕ್ಕೂ ಆಟಗಳು ಒಪ್ಪುವುದಿಲ್ಲ. ಪೆನಾಲ್ಟಿ ಹೊಡೆಯಲು ಓಡಿ ಬರುವಾಗ ತಡವರಿಸಿ ಯಾಮಾರಿಸಬಹುದು. ಓಟ ಮುಗಿದ ಮೇಲೆ ಹೊಡೆಯುವಂತೆ ನಟಿಸಿದರೆ ಹಳದಿ ಕಾರ್ಡು. ಬ್ಯಾಡ್ಮಿಂಟನ್‌ನಲ್ಲಿ ಇಡೀ ರ‍್ಯಾಲಿ ಮೋಸದಿಂದ ತುಂಬಿರಬಹುದು, ಸರ್ವ್ ಮಾಡುವಾಗ ರ‍್ಯಾಕೆಟ್ ನಡುವೆ ನಿಲ್ಲಿಸಿ ಮುಂದುವರಿಸಿದರೆ ಫಾಲ್ಟ್. 2017ರಿಂದ ಕ್ರಿಕೆಟ್‌ನಲ್ಲಿ ಚೆಂಡು ಕೈಲಿಲ್ಲದಿದ್ದರೂ ಎಸೆದಂತೆ ನಟಿಸಿ ಬ್ಯಾಟ್ಸ್‌ಮನ್‌ನನ್ನು ತಡೆದರೆ ಐದು ರನ್ ದಂಡ. ಎದುರಾಳಿ ಆಟಕ್ಕೆ ಅಣಿಯಾದ ಮೇಲೆ ಯಾಮಾರಿಸಿದರೆ ಜಾಣತನ, ಅಣಿಯಾಗಲು ಬಿಡದೆ ಯಾಮಾರಿಸಿದರೆ ತಪ್ಪು ಎಂಬುದು ಹೆಚ್ಚಿನ ನಿಯಮಗಳ ಹಿಂದಿರುವ ಭಾವನೆ. ಚೆಟ್ರಿಯ ಗೋಲು ಜಗಳವಾದದ್ದು ಇದೇ ಗೆರೆಯ ಮೇಲೆ ನಿಂತಿದ್ದರಿಂದ. ನನ್ನ ತೀರ್ಪು ಚೆಟ್ರಿ ಪರ. ಚೆಂಡು ನೆಲದ ಮೇಲಿದ್ದು, ಹೊಡೆಯುವವನು ಅದರ ಬಳಿ ನಿಂತಿರುವಾಗ ಬೆನ್ನು ತೋರಿಸುವ ಗೋಲ್‌ಕೀಪರ್‌ಗೆ ಯಾವ ನಿಯಮವೂ ರಕ್ಷಣೆ ಕೊಡಬೇಕಿಲ್ಲ.

ಫುಟ್‌ಬಾಲ್ ನಿಲ್ಲದೆ ಹರಿಯುವ ಆಟ; ಅಮೆರಿಕದವರ ಹಾಗೆ ಪ್ರತಿ ನಡೆಯನ್ನೂ ಕರೆದು ಹೇಳಲಾಗದು. ಕೋಚ್‌ಗೆ ದಕ್ಕುವುದು ಎರಡೇ ಜಾಗ, ತಂಡ ಕಟ್ಟುವಾಗ ಮತ್ತು ಚೆಂಡು ನಿಂತಾಗ. ಮೊದಲನೆಯದಕ್ಕೆ ಉದಾಹರಣೆ ಭಾರತದ ಕೋಚ್ ಆಗಿದ್ದ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ರಕ್ಷಣೆಯ ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾಗಿತ್ತು. ಜರ್ನೈಲ್ ಅವರನ್ನು ರಹೀಮ್ ಹೊರಗೆ ಕೂರಿಸದೆ ಮುಂಪಡೆಯಲ್ಲಿ ನಿಲ್ಲಿಸಿದರು. ಫೈನಲ್‌ನಲ್ಲಿ ಕೊರಿಯಾ ವಿರುದ್ಧದ ಎರಡು ಗೋಲುಗಳಲ್ಲಿ ಒಂದು ಜರ್ನೈಲ್ ಅವರದು. ಬೆಂಗಳೂರಿನ ಅರುಮೈನಾಯಗಂ ಆ ಚಿನ್ನದ ತಂಡದಲ್ಲಿದ್ದರು.

ಎರಡನೆಯದು, ಕಾರ್ನರ್ ಮತ್ತು ಫ್ರೀ ಕಿಕ್. 1998ರ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಅರ್ಜೆಂಟೀನಾದ ಬಟಿಸ್ಟುಟಾ ಚೆಂಡಿನ ಮೇಲೆ ಹಾದುಹೋದರು, ವೆರಾನ್ ಮೆಲ್ಲಗೆ ತಳ್ಳಿದರು, ಗೋಡೆಯ ಹಿಂದೆ ಅಡಗಿದ್ದ ಜಾನೆಟ್ಟಿ ಹೊರಬಂದು ಗೋಲು ಹೊಡೆದರು. ಅಭ್ಯಾಸದಲ್ಲಿ ಮಾಡಿ ಮಾಡಿ ಹದಗೊಂಡ ನಾಟಕ ಅದು. 2019ರ ಮೇ 7ರಂದು ಲಿವರ್‌ಪೂಲ್‌ನ ಅಲೆಕ್ಸಾಂಡರ್ ಆರ್ನಾಲ್ಡ್ ಕಾರ್ನರ್‌ನಿಂದ ದೂರ ಸರಿಯುವಂತೆ ಎರಡು ಹೆಜ್ಜೆ ಇಟ್ಟು ತಟ್ಟನೆ ತಿರುಗಿ ಹೊಡೆದದ್ದು, ಬಾರ್ಸಿಲೋನಾದ ರಕ್ಷಕರು ಬೇರೆಲ್ಲೋ ನೋಡುತ್ತಿದ್ದಾಗ ಒರಿಗಿ ಅದನ್ನು ಗೋಲು ಮಾಡಿದ್ದು, ಯಾವ ಕೋಚ್‌ನ ಪುಸ್ತಕದಲ್ಲೂ ಇರಲಿಲ್ಲ. ನಮ್ಮ ಬೆಂಗಳೂರು ಎಫ್‌ಸಿ ಏಕೈಕ ಐಎಸ್‌ಎಲ್ ಪಟ್ಟ ಗೆದ್ದದ್ದೂ ಕಾರ್ನರ್‌ನಿಂದ. 2019ರ ಮಾರ್ಚ್ 17, ಮುಂಬೈ, ಎಫ್‌ಸಿ ಗೋವಾ ಎದುರು 117ನೇ ನಿಮಿಷ. ದಿಮಾಸ್ ಡೆಲ್ಗಾಡೊ ಹೊಡೆದ ಚೆಂಡಿಗೆ ರಕ್ಷಕ ರಾಹುಲ್ ಭೇಕೆ ತಲೆ ತಾಗಿಸಿದರು. ಕೋಚ್ ಕಾರ್ಲೆಸ್ ಕ್ವಾಡ್ರಾಟ್ ನಿಂತ ಚೆಂಡಿನ ಕಸರತ್ತನ್ನು ಬಿಡದೆ ಮಾಡಿಸುತ್ತಿದ್ದವರು. ಪ್ರತಿ ಪಂದ್ಯದಲ್ಲೂ ಫಲವಿಲ್ಲದೆ ಹೋಗುವ ಅಷ್ಟೊಂದು ಕಾರ್ನರ್‌ಗಳು ಇಂಥ ಒಂದರ ಖರ್ಚು.

ಕೋಚ್ ಮತ್ತು ಆಟಗಾರ ಇಬ್ಬರೂ ಸೇರಿದಾಗ ಏನಾಗುತ್ತದೆ ಎನ್ನುವುದಕ್ಕೆ ಎರಡು ಪ್ರಸಂಗಗಳು ಸಾಕು. 2006ರ ವಿಶ್ವಕಪ್‌ನಲ್ಲಿ ಜರ್ಮನಿಯ ಗೋಲ್‌ಕೀಪರ್ ಲೇಮನ್ ಕಾಲುಚೀಲದಲ್ಲಿ ಕೋಚ್ ಬರೆದುಕೊಟ್ಟ ಚೀಟಿ ಇಟ್ಟುಕೊಂಡಿದ್ದರು. ಅರ್ಜೆಂಟೀನಾದವರಲ್ಲಿ ಯಾರು ಪೆನಾಲ್ಟಿಯನ್ನು ಎತ್ತ ಹೊಡೆಯುತ್ತಾರೆ ಎಂದು. ಕೊನೆಯವನಾಗಿ ಬಂದ ಕಾಂಬಿಯಾಸ್ಸೊ ಹೆಸರು ಅದರಲ್ಲಿ ಇರಲೇ ಇಲ್ಲ. ಆದರೂ ಲೇಮನ್ ಚೀಟಿ ತೆಗೆದು ನಿಧಾನವಾಗಿ ಓದಿದರು, ಮಡಚಿಟ್ಟರು, ಚೆಂಡು ತಡೆದರು. 2018ರ ಸೂಪರ್ ಬೌಲ್‌ನಲ್ಲಿ ಫಿಲಡೆಲ್ಫಿಯಾ ತಂಡ ಎಸೆಯಬೇಕಾದವನೇ ಹಿಡಿಯುವ ವಿಚಿತ್ರ ಆಟ ಆಡಿ ಅಂಕ ಗಳಿಸಿತು. ಅದನ್ನು ಆಡೋಣವೇ ಎಂದು ಕೇಳಿದವರು ಕ್ವಾರ್ಟರ್‌ಬ್ಯಾಕ್ ನಿಕ್ ಫೋಲ್ಸ್, ಹೂಂ ಅಂದವರು ಕೋಚ್ ಡಗ್ ಪೀಡರ್ಸನ್. ಕೋಚ್‌ನ ದೊಡ್ಡತನ ಇದ್ದದ್ದು ಆ ‘ಹೂಂ’ನಲ್ಲಿ.

ಇಷ್ಟೆಲ್ಲ ನೋಡಿದ ಮೇಲೆ ನನಗೆ ಅನಿಸುವುದು ಇಷ್ಟು. ಬಂಡವಾಳ ಕೂಡಿಸುವ ಕೆಲಸ ಕೋಚ್ ಮಾಡಬಲ್ಲ, ಮಾಡಬೇಕು. ಅದನ್ನು ಯಾವ ಗಳಿಗೆಯಲ್ಲಿ ಖರ್ಚು ಮಾಡಬೇಕು ಎನ್ನುವುದನ್ನು ಮೈದಾನದಲ್ಲಿ ನಿಂತವನಿಗೇ ಬಿಡಬೇಕು. ಖರ್ಚು ವ್ಯರ್ಥವಾದರೆ ಬೈಯಬಾರದು. ಈ ಮೂರನೆಯದು ನಮ್ಮಲ್ಲಿ ಅಪರೂಪ. ಬಸವನಗುಡಿಯ ಒಂದು ಬೇಸಿಗೆ ಶಿಬಿರದಲ್ಲಿ ಹನ್ನೆರಡರ ಹುಡುಗನೊಬ್ಬ ಆಫ್ ಸ್ಪಿನ್ ಹಾಕುವುದನ್ನು ನೋಡುತ್ತ ನಿಂತಿದ್ದೆ. ಚೆಂಡನ್ನು ಚೆನ್ನಾಗಿ ಮೇಲಕ್ಕೆ ಎತ್ತುತ್ತಿದ್ದ. ಎದುರಿದ್ದ ದೊಡ್ಡ ಹುಡುಗ ಎರಡು ಸಲ ಬೇಲಿಯಾಚೆ ಬಾರಿಸಿದ. ‘ಏಯ್, ಯಾಕೋ ಎತ್ತುತೀಯ? ಫ್ಲಾಟ್ ಹಾಕೋ!’ ಎಂದು ಕಲಿಸುವವರು ಕೂಗಿದರು. ಮಗ್ಗುಲಲ್ಲಿದ್ದ ಹುಡುಗನ ತಂದೆಯೂ ‘ಸರ್ ಹೇಳಿದ್ ಕೇಳೋ’ ಅಂದರು. ಮೂರನೆಯ ಚೆಂಡು ಫ್ಲಾಟ್ ಬಂತು, ನಾಲ್ಕನೆಯದೂ. ದೊಡ್ಡ ಹುಡುಗ ಎರಡನ್ನೂ ಆರಾಮವಾಗಿ ತಡೆದ. ರನ್ ಹೋಗಲಿಲ್ಲ, ವಿಕೆಟ್ ಬೀಳುವ ಸಾಧ್ಯತೆಯೂ ಹೋಯಿತು.

ಬೇಸಿಗೆ ರಜೆಗೆ ನ್ಯಾಷನಲ್ ಕಾಲೇಜು ಮೈದಾನಕ್ಕೋ ಮಲ್ಲೇಶ್ವರದ ಹದಿನೆಂಟನೇ ಕ್ರಾಸಿಗೋ ಮಕ್ಕಳನ್ನು ಕಳಿಸುವ ಅಪ್ಪ ಅಮ್ಮಂದಿರಲ್ಲಿ, ಅಲ್ಲಿ ಕಲಿಸುವ ಮೇಷ್ಟರುಗಳಲ್ಲಿ ಒಂದು ಕೋರಿಕೆ. ಎತ್ತಿ ಹಾಕುವ ಹುಡುಗ ಅಥವಾ ಹುಡುಗಿ ಸಿಕ್ಕಿದರೆ ಒಂದು ಋತು ಪೂರ್ತಿ ಎತ್ತಿ ಹಾಕಲು ಬಿಡಿ. ಎಷ್ಟು ರನ್ ಕೊಟ್ಟರು ಎಂಬ ಲೆಕ್ಕವನ್ನು ಮುಂದಿನ ವರ್ಷ ತೆಗೆದುಕೊಳ್ಳಿ.